ಅಳತೆಗಳ ದುಭಾಷಿ

ಆ ಊರಿನ ನಡುವೆ ಒಂದು ಚಕ್ರವಿತ್ತು. ಕಲ್ಲಿನ ಚಕ್ರ, ಮಲಗಿಸಿದ ಚಕ್ರ. ಮೂವತ್ತು ಮಂದಿ ಕೈ ಕೈ ಹಿಡಿದು ನಿಂತರೂ ಅದರ ಸುತ್ತಳತೆ ಮುಗಿಯುತ್ತಿರಲಿಲ್ಲ. ಅದಕ್ಕೆ ಹನ್ನೆರಡು ಮರದ ತೋಳುಗಳು. ತಪ್ಪು ಮಾಡಿದವರು ಆ ತೋಳುಗಳಿಗೆ ಎದೆ ಕೊಟ್ಟು ತಳ್ಳುತ್ತಿದ್ದರು. ಚಕ್ರ ಏನನ್ನೂ ಬೀಸುತ್ತಿರಲಿಲ್ಲ. ಅದರ ಕೆಳಗೆ ಕಾಳಿರಲಿಲ್ಲ, ಎಳ್ಳಿರಲಿಲ್ಲ, ಕಬ್ಬಿರಲಿಲ್ಲ. ಏನನ್ನಾದರೂ ಬೀಸಿದರೆ ಅದು ಕೆಲಸವಾಗುತ್ತದೆ, ಕೆಲಸ ಮಾಡಿದವರು ಕೂಲಿ ಕೇಳುತ್ತಾರೆ ಎಂಬುದು ಚಕ್ರ ಕೂರಿಸಿದವರಿಗೆ ಗೊತ್ತಿತ್ತು.

ಚಕ್ರದ ಅಂಚಿನುದ್ದಕ್ಕೂ ಅರವತ್ತು ತೂತುಗಳು. ದಿನಕ್ಕೆ ಒಂದು ತೂತಿನಷ್ಟು ಚಕ್ರ ಸರಿಯಬೇಕು. ಸರಿದಾಗ ಗೂಟದವನು ಬಂದು ತೂತಿಗೆ ಗೂಟ ಇಳಿಸುತ್ತಿದ್ದ. ಆ ಸದ್ದು ಕೇಳಿದ ಮೇಲೆಯೇ ತಳ್ಳುವವರಿಗೆ ಒಂದು ದಿನ ಕಳೆದಂತೆ. ಸೂರ್ಯ ಹುಟ್ಟಿ ಮುಳುಗಬಹುದು, ಕೋಳಿ ಕೂಗಬಹುದು. ಗೂಟ ಬೀಳದಿದ್ದರೆ ದಿನ ಆಗಲೇ ಇಲ್ಲ. ಅರವತ್ತು ಗೂಟಕ್ಕೆ ಒಂದು ಸುತ್ತು. ಆರು ಸುತ್ತಿಗೆ ಒಂದು ವರ್ಷ.

ಊರಿನಲ್ಲಿ ಮೂರು ಬಗೆಯ ಜನ, ಮೂರು ಬಗೆಯ ಅಳತೆ. ತೀರ್ಪುಗಾರನಿಗೆ ಗೊತ್ತಿದ್ದದ್ದು ಗೆರೆ. ಅವನ ಬಳಿ ಕಂಚಿನ ಅರ್ಧಚಂದ್ರವಿತ್ತು. ಅದರ ಅಂಚಿನಲ್ಲಿ ನೂರ ಎಂಬತ್ತು ಗೆರೆ. ಅಂಥ ಎರಡು ಅರ್ಧಚಂದ್ರ ಸೇರಿದರೆ ಒಂದು ಪೂರ್ತಿ ವೃತ್ತ, ಮುನ್ನೂರ ಅರವತ್ತು ಗೆರೆ. ತಪ್ಪು ಮಾಡಿದವನನ್ನು ಎದುರು ನಿಲ್ಲಿಸಿ, ಒಂದು ನೂಲನ್ನು ನೆಟ್ಟಗೆ ಹಿಡಿದು, ಇನ್ನೊಂದನ್ನು ಅವನ ತಪ್ಪಿನ ಕಡೆಗೆ ಎಳೆದು, ನೆಟ್ಟನೆಯ ದಾರಿಯಿಂದ ಇವನು ಎಷ್ಟು ಗೆರೆ ಹೊರಳಿದ್ದಾನೆ ಎಂದು ನೋಡುತ್ತಿದ್ದ. ಓಲೆಯ ಮೇಲೆ ಆ ಸಂಖ್ಯೆ ಬರೆದು, ಸಂಖ್ಯೆಯ ತಲೆಯ ಮೇಲೆ ಒಂದು ಸಣ್ಣ ಉಂಗುರ ಬರೆಯುತ್ತಿದ್ದ. ಉಂಗುರ ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಅವನ ಹಿಂದಿನವನು ಬರೆದಿದ್ದ, ಇವನೂ ಬರೆದ. ಇನ್ನು ಗೂಟದವನಿಗೆ ಗೊತ್ತಿದ್ದದ್ದು ಸುತ್ತು. ಮನೆಯಲ್ಲಿ ಕಾದು ಕೂತವರಿಗೆ ಗೊತ್ತಿದ್ದದ್ದು ದಿನ.

ಈ ಮೂವರ ನಡುವೆ, ಹೊಂಗೆ ಮರದ ಕೆಳಗೆ, ಒಂದು ಹಲಗೆಯ ಮೇಲೆ ಕೂತಿದ್ದವನು ದುಭಾಷಿ. ಮಾತುಗಳ ದುಭಾಷಿಯಲ್ಲ, ಅಳತೆಗಳ ದುಭಾಷಿ. ಅವನ ಅಪ್ಪ ಅದೇ ಹಲಗೆಯ ಮೇಲೆ ಕೂತಿದ್ದ, ಅಪ್ಪನ ಅಪ್ಪನೂ ಕೂತಿದ್ದ. ಓಲೆ ಕೈಗೆ ಬಂದರೆ ಸಾಕು, ದುಭಾಷಿ ಓದಿಬಿಡುತ್ತಿದ್ದ. ತಲೆಯ ಮೇಲಿರುವುದು ಉಂಗುರ, ಉಂಗುರವೆಂದರೆ ಸುತ್ತು. ಹನ್ನೆರಡರ ಮೇಲೆ ಉಂಗುರವಿದ್ದರೆ ಹನ್ನೆರಡು ಸುತ್ತು. ಹನ್ನೆರಡು ಸುತ್ತೆಂದರೆ ಎರಡು ವರ್ಷ. ಎಂಟು ತಲೆಮಾರಿನಿಂದ ಆ ಮನೆಯವರು ಹೀಗೇ ಓದಿದ್ದರು.

ಊರಿಗೊಂದು ಕಟ್ಟಳೆಯಿತ್ತು. ಸಂಖ್ಯೆ ಊರಿನದು, ಅಳತೆ ದುಭಾಷಿಯದು. ಎಷ್ಟು ಎಂದು ಯಾರು ಬೇಕಾದರೂ ಕೇಳಬಹುದು. ಎಷ್ಟು ಏನು ಎಂದು ಕೇಳಿದವರಿಗೆ ಉತ್ತರವಿಲ್ಲ, ಹೇಳಿದವರಿಗೆ ಚಕ್ರ.

ಬಟ್ಟೆ ಮಾರುವವನಿಗೆ ಈ ಸಂಗತಿ ಬೇಗ ಅರ್ಥವಾಗುತ್ತದೆ. ಒಂದೇ ತುಂಡನ್ನು ಮೊಳದಲ್ಲಿ ಹೇಳಿದರೆ ಉದ್ದ ಕಾಣುತ್ತದೆ, ಗಜದಲ್ಲಿ ಹೇಳಿದರೆ ಗಿಡ್ಡ ಕಾಣುತ್ತದೆ. ಬಟ್ಟೆ ಇದ್ದಷ್ಟೇ ಇರುತ್ತದೆ. ತೀರ್ಪುಗಾರನಿಗೆ ದೊಡ್ಡ ಸಂಖ್ಯೆ ಕೇಳಿದರೆ ಸಂತೋಷ. ದುಭಾಷಿ ಅವನಿಗೆ ಗೂಟಗಳಲ್ಲಿ ಹೇಳುತ್ತಿದ್ದ, ಏಳುನೂರ ಇಪ್ಪತ್ತು. ಅಳುವವರಿಗೆ ಸಣ್ಣ ಸಂಖ್ಯೆ ಬೇಕು. ಅವರಿಗೆ ವರ್ಷಗಳಲ್ಲಿ ಹೇಳುತ್ತಿದ್ದ, ಎರಡು. ಅಳುವವರು ಸೆರಗಿನಿಂದ ಮೂಗು ಒರೆಸಿಕೊಂಡು ಬೇಗ ಮನೆಗೆ ಹೋಗುತ್ತಿದ್ದರು. ಇಬ್ಬರಿಗೂ ಅವನು ಸುಳ್ಳು ಹೇಳಿರಲಿಲ್ಲ. ಆ ಹಲಗೆಯ ಮೇಲೆ ಕೂತು ಅವನು ಬದುಕಿನಲ್ಲಿ ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಒಂದು ದಿನ ಕುಂಬಾರನನ್ನು ಚಕ್ರಕ್ಕೆ ತಂದರು. ತೀರ್ಪುಗಾರನ ಪಲ್ಲಕ್ಕಿ ಬೀದಿಯಲ್ಲಿ ಹೋಗುವಾಗ ಅವನು ತನ್ನ ತಿಗರಿಯನ್ನು ನಿಲ್ಲಿಸಿರಲಿಲ್ಲ. ತಿರುಗುತ್ತಿದ್ದ ಮಣ್ಣಿನ ಮೇಲೆ ಕೈಯಿಟ್ಟುಕೊಂಡು ಎದ್ದು ನಿಂತರೆ ಮಡಕೆ ಕುಸಿಯುತ್ತದೆ ಎಂದು ಕೂತೇ ಇದ್ದ. ತೀರ್ಪುಗಾರ ನೂಲು ಹಿಡಿದ. ಹನ್ನೆರಡು ಗೆರೆ.

ಕುಂಬಾರನ ಹೆಂಡತಿ ಕೈಯ ಹಸಿಮಣ್ಣನ್ನೂ ತೊಳೆಯದೆ ಹಲಗೆಯ ಮುಂದೆ ಬಂದು ನಿಂತಳು.

"ಎಷ್ಟು ಸ್ವಾಮಿ?"

"ಎರಡು."

"ಎರಡೇನಾ?"

"ಎರಡೇ ತಾಯಿ."

ಅವಳ ಮುಖ ಅರಳಿತು. "ಅಯ್ಯೋ, ನಾನು ಏನೇನೋ ಅಂದ್ಕೊಂಡಿದ್ದೆ. ಮಡಕೆ ಸುಡೋ ಆವಿಗೆ ಹಚ್ಚೋದು ಎರಡು ದಿನ ಮುಂದಕ್ಕೆ ಹಾಕಿದ್ರಾಯ್ತು," ಎಂದು ಹೋದಳು.

ಎರಡು ದಿನ ಕಳೆದ ಮೇಲೆ ಅವಳು ಬಾಳೆ ಎಲೆಯಲ್ಲಿ ಅನ್ನ, ಬದನೆಕಾಯಿ ಎಣ್ಣೆಗಾಯಿ ಕಟ್ಟಿಕೊಂಡು ಬಂದಳು. "ಎರಡಾಯ್ತಲ್ಲ ಸ್ವಾಮಿ."

"ಎರಡು ಎಂದದ್ದು ಎರಡೇ. ಇನ್ನೂ ಆಗಿಲ್ಲ."

ಅವಳು ಬೆರಳು ಮಡಿಚಿ ನೋಡಿಕೊಂಡಳು. ತನಗೇ ಎಣಿಕೆ ಬರುವುದಿಲ್ಲವೇನೋ ಎಂದು ನಾಚಿಕೊಂಡು ಎಲೆಯನ್ನು ವಾಪಸು ಒಯ್ದಳು.

ಎರಡು ವಾರ ಕಳೆದ ಮೇಲೆ ಬಂದಳು. ಬಾಳೆ ಎಲೆ, ಅನ್ನ, ಬದನೆಕಾಯಿ. "ಎರಡಾಯ್ತಲ್ಲ." "ಇನ್ನೂ ಆಗಿಲ್ಲ." ಎರಡು ಅಮಾವಾಸ್ಯೆ ಕಳೆದ ಮೇಲೆ ಬಂದಳು. ಬಾಳೆ ಎಲೆ, ಅನ್ನ, ಬದನೆಕಾಯಿ. "ಎರಡಾಯ್ತಲ್ಲ." "ಇನ್ನೂ ಆಗಿಲ್ಲ." ಪ್ರತಿ ಸಲ ಅವಳು ಇನ್ನೊಂದಿಷ್ಟು ದೊಡ್ಡ ಅಳತೆಯನ್ನು ಊಹಿಸಿಕೊಂಡು ಬರುತ್ತಿದ್ದಳು, ಪ್ರತಿ ಸಲ ಅನ್ನವನ್ನು ದಾರಿಯ ನಾಯಿಗೆ ಹಾಕಿ ಹೋಗುತ್ತಿದ್ದಳು. ನಾಯಿ ದುಂಡಗಾಯಿತು.

ದುಭಾಷಿಗೆ ಒಬ್ಬಳೇ ಮಗಳು. ತನ್ನ ನಂತರ ಹಲಗೆಯ ಮೇಲೆ ಅವಳೇ ಕೂರಬೇಕೆಂದು ಗೆರೆಯಿಂದ ಸುತ್ತಿಗೆ, ಸುತ್ತಿನಿಂದ ಗೂಟಕ್ಕೆ, ಗೂಟದಿಂದ ವರ್ಷಕ್ಕೆ ದಾಟುವುದನ್ನೆಲ್ಲ ಅವನು ಅವಳಿಗೆ ಕಲಿಸಿದ್ದ. ಲೆಕ್ಕದಲ್ಲಿ ಅವಳು ಅವನಿಗಿಂತ ಚುರುಕು. ಹಲಗೆಗೆ ಬೇಕಾದ ಇನ್ನೊಂದು ಗುಣ ಮಾತ್ರ ಅವಳಿಗೆ ಬಂದಿರಲಿಲ್ಲ.

"ಅಪ್ಪ, ಆ ಅಕ್ಕನಿಗೆ ಹೇಳಿಬಿಡು," ಎಂದಳು ಒಮ್ಮೆ, ಊಟಕ್ಕೆ ಬಡಿಸುತ್ತ. "ಪ್ರತಿ ಸಲ ಬದನೆಕಾಯಿ ಕೊಯ್ಕೊಂಡು ಬರ್ತಾಳೆ."

"ಹೇಳಿದರೆ ಏನಾಗುತ್ತೆ?"

"ಕಾಯೋದು ಬಿಡ್ತಾಳೆ. ಬೇರೆ ಕೆಲಸ ನೋಡ್ಕೋತಾಳೆ."

"ಅಳ್ತಾಳೆ. ಅವಳು ಅತ್ತರೆ ಪಕ್ಕದವಳು ಕೇಳ್ತಾಳೆ. ಪಕ್ಕದವಳಿಗೆ ಹೇಳಿದರೆ ಬೀದಿಗೆ ಬೀದಿಯೇ ಬಂದು ನಿಲ್ಲುತ್ತೆ. ಅಳತೆ ಎಲ್ಲರಿಗೂ ಗೊತ್ತಾದ ಮೇಲೆ ದುಭಾಷಿ ಯಾರಿಗೆ ಬೇಕು? ನಾಳೆ ನೀನು ಎಲ್ಲಿ ಕೂತ್ಕೋತೀಯ, ನೆಲದ ಮೇಲಾ?"

ಮಗಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಚಕ್ರದ ಪಕ್ಕದಲ್ಲಿ ಶಾಸನದ ಕಲ್ಲು ನೆಟ್ಟಿತ್ತು. ಅದರ ಮೇಲೆ ಒಂದೇ ಸಾಲು: ಎಷ್ಟು ಹೊರಳಿದೆಯೋ ಅಷ್ಟು ಹೊರಳಿಸು. ಕಲ್ಲಿಗೆ ಪ್ರತಿ ಸೋಮವಾರ ಎಣ್ಣೆ ಹಚ್ಚುವ ಹಕ್ಕು ದುಭಾಷಿಯ ಮನೆಯದು. ತಲೆಮಾರುಗಳಿಂದ ತಪ್ಪಿತಸ್ಥರು ಸುತ್ತಿದ ಜಾಡಿನಲ್ಲಿ ನೆಲ ಸವೆದು, ಮೊದಲು ಅಂಗೈ ಆಳ, ಆಮೇಲೆ ಗೇಣು, ಆಮೇಲೆ ಮೊಣಕಾಲಿನವರೆಗೆ ಇಳಿದಿತ್ತು. ಕುಂಬಾರ ಚಕ್ರಕ್ಕೆ ಬಂದ ನಾಲ್ಕನೆಯ ತಿಂಗಳಲ್ಲಿ ಒಂದು ಸೋಮವಾರ ದುಭಾಷಿ ಎಣ್ಣೆಯ ಬಟ್ಟಲು ಹಿಡಿದು ಬಗ್ಗಿದಾಗ, ಅಷ್ಟು ಕಾಲ ಮಣ್ಣಿನೊಳಗೆ ಹುಗಿದಿದ್ದ ಕಲ್ಲಿನ ಬುಡ ಒಂದು ಗೇಣು ಹೊರಗೆ ಬಂದಿತ್ತು. ಅಲ್ಲಿ ಒಂದು ಚಿತ್ರ ಕೆತ್ತಿತ್ತು.

ಚಕ್ರದ ಚಿತ್ರ. ಅದರ ಕಾಲುಭಾಗಕ್ಕೆ ಮಾತ್ರ ಗೆರೆ ಎಳೆದಿತ್ತು, ಹಲಸಿನ ಹಣ್ಣಿನಿಂದ ಒಂದು ಕಡಿ ತೆಗೆದಂತೆ. ಆ ಕಾಲುಭಾಗದ ಬಾಯಿಯಲ್ಲಿ ತೊಂಬತ್ತು ಎಂದು ಬರೆದಿತ್ತು. ತೊಂಬತ್ತರ ತಲೆಯ ಮೇಲೆ ಒಂದು ಸಣ್ಣ ಉಂಗುರ.

ದುಭಾಷಿಯ ಕೈಯಲ್ಲಿದ್ದ ಬಟ್ಟಲು ಓರೆಯಾಗಿ ಎಣ್ಣೆ ಅವನ ಪಾದದ ಮೇಲೆ ಸುರಿಯಿತು. ಕಾಲು ಚಕ್ರ ತೊಂಬತ್ತು ಸುತ್ತಾಗುವುದು ಹೇಗೆ? ಕಾಲು ಚಕ್ರ ತೊಂಬತ್ತು ಗೆರೆ. ಉಂಗುರವೆಂದರೆ ಸುತ್ತಲ್ಲ, ಗೆರೆ. ಹನ್ನೆರಡು ಗೆರೆ ಹೊರಳಿದವನು ಚಕ್ರವನ್ನು ಹನ್ನೆರಡು ಗೆರೆ ಹೊರಳಿಸಬೇಕು, ಅಷ್ಟೇ. ಅರವತ್ತು ತೂತಿಗೆ ಮುನ್ನೂರ ಅರವತ್ತು ಗೆರೆ, ಒಂದು ತೂತಿಗೆ ಆರು. ಹನ್ನೆರಡು ಗೆರೆಗೆ ಎರಡು ತೂತು. ಎರಡು ಗೂಟ. ಎರಡು ದಿನ.

ಅವನ ತಲೆ ನಿಲ್ಲಿಸಿದರೂ ನಿಲ್ಲದೆ ಲೆಕ್ಕ ಮಾಡುತ್ತ ಹೋಯಿತು. ವರ್ಷವಿದ್ದಲ್ಲೆಲ್ಲ ದಿನವಾಗಬೇಕಿತ್ತು. ಹತ್ತು ವರ್ಷ ಸುತ್ತಿ ಬಂದವನಿಗೆ ಹತ್ತು ದಿನವಾಗಬೇಕಿತ್ತು. ಮೊದಲ ಸಲ ಬದನೆಕಾಯಿ ಕಟ್ಟಿಕೊಂಡು ಬಂದ ದಿನ ಕುಂಬಾರಗಿತ್ತಿ ಸರಿಯಾಗಿಯೇ ಎಣಿಸಿದ್ದಳು.

ಇನ್ನೊಬ್ಬಳೂ ಸರಿಯಾಗಿಯೇ ಎಣಿಸಿದ್ದಳು. ದುಭಾಷಿಯ ಹೆಂಡತಿ, ಎಂಟು ವರ್ಷದ ಹಿಂದೆ, ತೀರ್ಪುಗಾರನ ನೂಲು ಸಡಿಲವಾಗಿದೆ ಎಂದು ಬಾವಿಕಟ್ಟೆಯಲ್ಲಿ ನಗೆಯಾಡಿದ್ದಳು. ಆರು ಗೆರೆ. ದುಭಾಷಿಯೇ ಹಲಗೆಯ ಮೇಲೆ ಕೂತು, ಎಲ್ಲ ಹೆಂಗಸರಿಗೂ ಹೇಳುವ ದನಿಯಲ್ಲಿ ಅವಳಿಗೂ ಹೇಳಿದ್ದ: "ಒಂದು."

"ಒಂದೇ ತಾನೆ?" ಎಂದಿದ್ದಳು ಅವಳು. "ದೋಸೆಗೆ ರುಬ್ಬಿಟ್ಟು ಬಂದಿದೀನಿ. ನಾಳೆ ಬಂದು ಹುಯ್ತೀನಿ, ಹಿಟ್ಟು ಚೆಲ್ಲಬೇಡಿ."

ಹತ್ತನೆಯ ತಿಂಗಳಲ್ಲಿ ಅವಳು ಚಕ್ರದ ತೋಳಿಗೆ ಒರಗಿದವಳು ಹಾಗೇ ಕುಸಿದಿದ್ದಳು. ಉಳಿದವರು ನಿಲ್ಲುವ ಹಾಗಿರಲಿಲ್ಲ, ಆ ದಿನದ ಗೂಟ ಇನ್ನೂ ಬಿದ್ದಿರಲಿಲ್ಲ. ಅವಳನ್ನು ದಾಟಿ ದಾಟಿ ತಳ್ಳಿದರು.

ದುಭಾಷಿ ಎಷ್ಟು ಹೊತ್ತು ಅಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದನೋ. ಗೂಟದವನು, ಚಕ್ರದ ಆಚೆಯಿಂದ, "ಏನು ದುಭಾಷಿಗಳೇ, ಕಲ್ಲಿಗೇನಾದ್ರೂ ಮಾತು ಬಂತಾ?" ಎಂದು ಕೂಗಿದ.

"ಬುಡ ಸಡಿಲ ಆಗಿದೆ," ಎಂದ ದುಭಾಷಿ. "ಮಣ್ಣು ಮೆತ್ತಬೇಕು."

ಅವನು ಕೆರೆಯಂಚಿನಿಂದ ಜೇಡಿಮಣ್ಣು ತಂದು ಚಿತ್ರದ ಮೇಲೆ ಮೆತ್ತಿದ. ಸತ್ತವಳು ಬರುವುದಿಲ್ಲ. ಅಪ್ಪ ತಪ್ಪು ಓದಿದ್ದ, ಅಪ್ಪನ ಅಪ್ಪ ತಪ್ಪು ಓದಿದ್ದ ಎಂದು ಊರಿಗೆ ಹೇಳಿದರೆ ಹಲಗೆಯೂ ಇರುವುದಿಲ್ಲ, ತಲೆಯೂ ಇರುವುದಿಲ್ಲ. ಹೇಳಿ ಬರುವುದು ಏನೂ ಇಲ್ಲ, ಹೋಗುವುದು ಎಲ್ಲ. ಇದರಲ್ಲಿ ಯೋಚನೆ ಮಾಡುವಂಥದ್ದು ಏನಿತ್ತು? ನಡೆಯುವವರ ಕಾಲಿನ ಅದುರಾಟಕ್ಕೆ ಮಣ್ಣು ಬಿರುಕು ಬಿಡುತ್ತಿತ್ತು. ಮುಂದಿನ ಸೋಮವಾರ ಅವನು ಅದರ ಮೇಲೆ ಇನ್ನೊಂದು ಪದರ ಮೆತ್ತಿದ. ಅದರ ಮುಂದಿನ ಸೋಮವಾರ ಇನ್ನೊಂದು. ಎಣ್ಣೆ ಹಚ್ಚುವುದು, ಮಣ್ಣು ಮೆತ್ತುವುದು, ಹಲಗೆಯ ಮೇಲೆ ಕೂರುವುದು. ಓಲೆ ಬಂದರೆ ಓದುವುದು. ಉಂಗುರವೆಂದರೆ ಸುತ್ತು.

ಕುಂಬಾರ ಚಕ್ರಕ್ಕೆ ಬಂದು ಎರಡು ಕಾಲ ಕಳೆಯಿತು, ಒಂದು ಮಳೆಗಾಲ, ಒಂದು ಚಳಿಗಾಲ. ಕುಂಬಾರಗಿತ್ತಿ ಬಂದಳು. ಬಾಳೆ ಎಲೆ, ಅನ್ನ, ಬದನೆಕಾಯಿ. ಆ ದಿನ ದುಭಾಷಿ ತೀರ್ಪುಗಾರನ ಮನೆಗೆ ಹೋಗಿದ್ದ. ಹಲಗೆಯ ಪಕ್ಕ ಮಗಳು ನಿಂತಿದ್ದಳು.

"ಎರಡಾಯ್ತಲ್ಲವ್ವ," ಎಂದಳು ಕುಂಬಾರಗಿತ್ತಿ. ಆ ಹೊತ್ತಿಗೆ ಅವಳ ದನಿಯಲ್ಲಿ ಪ್ರಶ್ನೆಯೇ ಉಳಿದಿರಲಿಲ್ಲ. ಎಲೆಯನ್ನು ಆಗಲೇ ನಾಯಿಯ ಕಡೆ ಚಾಚಿದ್ದಳು.

ಮಗಳು ಅತ್ತಿತ್ತ ನೋಡಿದಳು. "ವರ್ಷ ಅಕ್ಕ," ಎಂದಳು. "ಎರಡು ವರ್ಷ. ಇನ್ನು ಬದನೆಕಾಯಿ ಕೊಯ್ಯಬೇಡ."

ಕುಂಬಾರಗಿತ್ತಿ ಅಳಲಿಲ್ಲ. ಸಂತೆಗೆ ಹೋದಳು. ಸಂತೆಯ ನಡುವೆ ನಿಂತು, ಮಡಕೆಯ ಬೆಲೆ ಕೂಗುವ ದನಿಯಲ್ಲಿಯೇ ಕೂಗಿದಳು: "ಎರಡು ಅಂದ್ರೆ ವರ್ಷ! ನಿಮ್ಮದೆಷ್ಟು? ಏಳಾ? ಏಳು ವರ್ಷ! ನಿಮ್ಮದು ಹನ್ನೊಂದಾ? ಹನ್ನೊಂದು ವರ್ಷ ಕಣವ್ವ!" ಕಾದು ಕೂತಿದ್ದ ಹೆಂಗಸರೆಲ್ಲ ತಕ್ಕಡಿ ಬಿಟ್ಟು, ಬುಟ್ಟಿ ಬಿಟ್ಟು ಎದ್ದು ನಿಂತರು. ಸಂಜೆಯೊಳಗೆ ಹಲಗೆಯ ಮುಂದೆ ಊರು ನೆರೆದಿತ್ತು. ತೀರ್ಪುಗಾರನೂ ಅರ್ಧಚಂದ್ರ ಹಿಡಿದು ಬಂದ.

"ಅಳತೆ ಹೇಳಿದ್ದು ಯಾರು?"

"ನಾನು," ಎಂದಳು ಮಗಳು.

ತೀರ್ಪುಗಾರ ನೂಲು ಹಿಡಿದ. ಒಂದು ನೂಲು ನೆಟ್ಟಗೆ, ಇನ್ನೊಂದು ಹುಡುಗಿಯ ಕಡೆಗೆ. ಅವನು ಓಲೆ ಬರೆದು ಕೊಟ್ಟ. ನಲವತ್ತೆರಡು, ತಲೆಯ ಮೇಲೆ ಉಂಗುರ.

ದುಭಾಷಿ ಓಲೆ ಹಿಡಿದುಕೊಂಡು ಕೂತ. ನಲವತ್ತೆರಡು ಸುತ್ತು. ಏಳು ವರ್ಷ. ಅವಳ ಅಮ್ಮ ಹತ್ತು ತಿಂಗಳು ತಡೆದಿದ್ದಳು. ಇವಳ ಮೈಕಟ್ಟೂ ಅಮ್ಮನದೇ.

"ಓದಪ್ಪ," ಎಂದ ತೀರ್ಪುಗಾರ.

"ಓದ್ತೀನಿ," ಎಂದ ದುಭಾಷಿ. ಅವನು ಹಲಗೆಯಿಂದ ಇಳಿದ. ಹೋಗಿ ಶಾಸನದ ಕಲ್ಲಿನ ಮುಂದೆ ಮಂಡಿಯೂರಿ, ಎರಡೂ ಕೈಯಿಂದ ಮಣ್ಣು ಕಿತ್ತ. ಉಗುರು ಮುರಿಯಿತು. ದಪ್ಪ ಹೆಂಟೆಗಳು ಕಳಚಿ ಬಿದ್ದವು. "ಇಲ್ಲಿ ನೋಡಿ. ಕಾಲು ಚಕ್ರ, ತೊಂಬತ್ತು, ಉಂಗುರ. ಉಂಗುರ ಅಂದ್ರೆ ಸುತ್ತಲ್ಲ. ಗೆರೆ. ನಮ್ಮ ಹಿರಿಯರು ತಪ್ಪು ಓದಿದಾರೆ. ನಲವತ್ತೆರಡು ಗೆರೆಗೆ ಏಳು ತೂತು. ಏಳು ದಿನ. ನನ್ನ ಮಗಳಿಗೆ ಏಳು ದಿನ!"

ಅವನು ಅಳತೆಯನ್ನು ಬಾಯಿಬಿಟ್ಟು ಹೇಳಿದ್ದನ್ನು ಊರು ಮೊದಲ ಸಲ ಕೇಳಿತು.

ತೀರ್ಪುಗಾರ ಬಗ್ಗಿ ನೋಡಿದ. ಕಂಚಿನ ಅರ್ಧಚಂದ್ರವನ್ನು ಚಿತ್ರದ ಮೇಲಿಟ್ಟು ನೋಡಿದ. ತೊಂಬತ್ತನೆಯ ಗೆರೆ ಚಿತ್ರದ ಅಂಚಿಗೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು. ಅವನ ಮುಖದಲ್ಲಿ ಮೊದಲು ಭಯ ಕಾಣಿಸಿತು, ಆಮೇಲೆ ನೆಮ್ಮದಿ. "ನಾನು ಗೆರೆ ಎಣಿಸಿದೆ," ಎಂದ. "ಗೆರೆಗೆ ಉಂಗುರ ಬರೆದೆ. ಎಲ್ಲ ಸರಿಯಾಗೇ ಇದೆ. ಅದನ್ನ ಸುತ್ತು ಅಂದವನು ನೀನು."

"ನಾನಲ್ಲ ಒಡೆಯರೇ, ನಮ್ಮ ಹಿರಿಯರು. ನನಗೂ ಈಗಷ್ಟೇ..."

"ಒಂದು ನಿಮಿಷ," ಎಂದಳು ಕುಂಬಾರಗಿತ್ತಿ.

ಅವಳು ಕೆಳಗೆ ಬಿದ್ದ ಹೆಂಟೆಯೊಂದನ್ನು ಎತ್ತಿಕೊಂಡಿದ್ದಳು. ಮುರಿದ ಅಂಚನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ, ನಾಲಗೆಗೆ ಮುಟ್ಟಿಸಿ ನೋಡಿದಳು. ಮಣ್ಣಿನಲ್ಲಿ ಹುಟ್ಟಿದವಳಿಗೆ ಮಣ್ಣು ಸುಳ್ಳು ಹೇಳುವುದಿಲ್ಲ. "ಇದು ಇಲ್ಲೀ ನೆಲದ ಮಣ್ಣಲ್ಲ, ಕೆರೆಯಂಚಿನ ಜೇಡಿ. ಒಂದೇ ಸಲ ಮೆತ್ತಿದ್ದೂ ಅಲ್ಲ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಪದರದ ನಡುವೆ ಎಣ್ಣೆ." ಅವಳು ಉಗುರಿನಿಂದ ಒಂದೊಂದೇ ಪದರ ಬಿಡಿಸುತ್ತ ಎಣಿಸಿದಳು. ಎಣಿಕೆ ಬರುವುದಿಲ್ಲವೆಂದು ನಾಚಿಕೊಂಡಿದ್ದವಳು ಈಗ ಎಲ್ಲಿಯೂ ತಡವರಿಸಲಿಲ್ಲ. "ಇಪ್ಪತ್ತು."

"ಇಪ್ಪತ್ತು ಏನು?" ಎಂದು ಯಾರೋ ಕೇಳಿದರು.

"ಸೋಮವಾರ," ಎಂದಳು ಕುಂಬಾರಗಿತ್ತಿ. "ಇಪ್ಪತ್ತು ವಾರದಿಂದ ಇವರಿಗೆ ಗೊತ್ತು. ಗೊತ್ತಿದ್ದೂ ನನ್ನ ಗಂಡನ ಅನ್ನ ನಾಯಿಗೆ ಹಾಕಿಸಿದಾರೆ."

ಚಕ್ರದ ಕಡೆಯಿಂದ, ಇದನ್ನೆಲ್ಲ ಕೇಳಿಸಿಕೊಳ್ಳುತ್ತ ಇನ್ನೂ ತಳ್ಳುತ್ತಲೇ ಇದ್ದವರ ಉಸಿರಾಟ ಕೇಳುತ್ತಿತ್ತು. ಮಗಳು ಅಪ್ಪನ ಹತ್ತಿರ ಬಂದಳು.

"ಅಮ್ಮನಿಗೆ ಎಷ್ಟಿತ್ತು?"

"ಈಗ ಅದೆಲ್ಲ ಯಾಕೆ..."

"ಎಷ್ಟಿತ್ತು ಅಪ್ಪ?"

"ಆರು."

ಅವಳು ಲೆಕ್ಕದಲ್ಲಿ ಚುರುಕು ಎಂದು ಮೊದಲೇ ಹೇಳಿದೆ. ಅವಳಿಗೆ ಅರೆಗಳಿಗೆಯೂ ಬೇಕಾಗಲಿಲ್ಲ. "ಒಂದು ತೂತು," ಎಂದಳು. "ಹಿಟ್ಟು ಹುಳಿ ಬರೋದರೊಳಗೆ ಬಂದಿರ್ತಿದ್ದಳು." ಅಷ್ಟು ಹೇಳಿ, ಯಾರೂ ಕರೆಯದೆಯೇ ಚಕ್ರದ ಕಡೆಗೆ ನಡೆದು, ಒಂದು ತೋಳಿಗೆ ಎದೆ ಕೊಟ್ಟಳು.

ಕಲ್ಲಿನ ಮಾತೇ ಮಾತು ಎಂದು ತೀರ್ಪುಗಾರ ಸಾರಿದ. ಕಲ್ಲಿನ ಪ್ರಕಾರ ದಿನ ತುಂಬಿದವರನ್ನೆಲ್ಲ ಬಿಟ್ಟರು. ಮೊನ್ನೆ ಮೊನ್ನೆ ಬಂದ ನಾಲ್ವರಿಗೆ ಮಾತ್ರ ಇನ್ನೂ ಕೆಲವು ದಿನಗಳಿದ್ದವು. ಅವರೊಂದಿಗೆ ದುಭಾಷಿಯ ಮಗಳು ಏಳು ದಿನ ತಳ್ಳಿದಳು. ಕುಂಬಾರ ಮನೆಗೆ ಹೋದ. ತಿಗರಿಯ ಮುಂದೆ ಕೂರು ಎಂದರೆ ಅವನಿಗೆ ಕೂರಲು ಬರಲಿಲ್ಲ. ತಿಗರಿ ನಿಂತೇ ಇತ್ತು, ಅವನು ಅದರ ಸುತ್ತ ಸುತ್ತುತ್ತಿದ್ದ. ಹೆಂಡತಿ ಎಲೆ ಹಾಕಿ ಬಡಿಸಿದರೆ ಎಲೆಯ ಸುತ್ತಲೂ ಸುತ್ತಿದ.

ಆ ಏಳು ದಿನ ದುಭಾಷಿ ಹಲಗೆಯ ಮೇಲೆ ಕೂತಿದ್ದ. ಯಾರೂ ಅವನನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಬದುಕಿಕೊಂಡೆ ಎಂದು ಅವನು ಅಂದುಕೊಂಡ. ಏಳು ವರ್ಷವನ್ನು ಏಳು ದಿನಕ್ಕೆ ಇಳಿಸಿದ್ದೇನೆ, ಇಂಥ ವ್ಯಾಪಾರ ಅಪ್ಪನಿಂದಲೂ ಆಗಿರಲಿಲ್ಲ ಎಂದೂ ಅಂದುಕೊಂಡ. ಊರು ಸುಮ್ಮನಿದ್ದದ್ದು ಬೇರೆ ಕಾರಣಕ್ಕೆ. ಊರು ಲೆಕ್ಕ ಕಲಿಯುತ್ತಿತ್ತು. ಪ್ರತಿ ಮನೆಯ ಜಗಲಿಯ ಮೇಲೂ ಜನ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು: ನಮ್ಮವನು ಸುತ್ತಿದ್ದೆಷ್ಟು, ಸುತ್ತಬೇಕಾದದ್ದೆಷ್ಟು, ಹೆಚ್ಚು ಸುತ್ತಿದ್ದೆಷ್ಟು.

ಎಂಟನೆಯ ದಿನ ಚಕ್ರದಲ್ಲಿ ಯಾರೂ ಇರಲಿಲ್ಲ. ಊರಿಗೆ ಊರೇ ಹಲಗೆಯ ಮುಂದೆ ಬಂದು ನಿಂತಿತು.

"ನಮ್ಮದನ್ನ ವಾಪಸು ಕೊಡಿ," ಎಂದಳು ಕುಂಬಾರಗಿತ್ತಿ.

"ಏನನ್ನ ತಾಯಿ? ಹೋದ ದಿನ ಎಲ್ಲಿಂದ ತರಲಿ?"

"ದಿನದ ಅಳತೆ ಈಗ ನಿಮಗಿರಲಿ, ಅದು ನಮಗೆ ಬೇಡ. ಇನ್ನು ನಮ್ಮ ಅಳತೆ ಸುತ್ತು. ಹೆಚ್ಚು ಸುತ್ತಿದ್ದನ್ನ ಹಿಂದಕ್ಕೆ ಸುತ್ತಿಕೊಡಿ."

ದುಭಾಷಿ ತೀರ್ಪುಗಾರನ ಮುಖ ನೋಡಿದ. ತೀರ್ಪುಗಾರ ನೂಲನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. "ಇದು ಅರ್ಧಚಂದ್ರಕ್ಕೆ ಸಿಗೋ ತಪ್ಪಲ್ಲ," ಎಂದ. "ಅವಳು ಹೇಳಿದ್ದು ಸರಿ. ಎಷ್ಟು ಹೊರಳಿದೆಯೋ ಅಷ್ಟು ಹೊರಳಿಸು ಅಂತ ಕಲ್ಲೇ ಹೇಳುತ್ತೆ. ಗೂಟದವನೇ, ಚಕ್ರ ಕೂರಿಸಿದಾಗಿನಿಂದ ಎಷ್ಟು ಸುತ್ತು?"

ಗೂಟದವನ ಗುಡಿಸಲಿನಲ್ಲಿ ಒಂದು ಕಂಬವಿತ್ತು, ಸುತ್ತಿಗೊಂದು ಕಚ್ಚು. ಅವನು ಹೋಗಿ ಎಣಿಸಿ ಬಂದ. "ಸಾವಿರದ ಇನ್ನೂರು, ಬುದ್ಧಿ."

"ನ್ಯಾಯವಾಗಿ ಆಗಬೇಕಿದ್ದದ್ದನ್ನ ಕಳೆದು ಉಳಿದದ್ದು ಎಷ್ಟು ಅಂತ ದುಭಾಷಿ ಹೇಳಬೇಕು," ಎಂದ ತೀರ್ಪುಗಾರ. "ಆದರೆ ಶಿಕ್ಷೆಯವನು ತನ್ನ ಓಲೆ ತಾನೇ ಓದೋ ಹಾಗಿಲ್ಲ. ಇನ್ನು ಹಲಗೆಯ ಮೇಲೆ ಕೂರೋದು ಯಾರು?"

ಜನ ದಾರಿ ಬಿಟ್ಟರು. ಮಗಳು ಬಂದಳು. ಅವಳ ಅಂಗೈಯಲ್ಲಿ ಏಳು ದಿನದ ಬೊಬ್ಬೆಗಳಿದ್ದವು. ಅಪ್ಪ ಇಳಿದ ಹಲಗೆಯ ಮೇಲೆ, ಅಪ್ಪ ಕೂರುತ್ತಿದ್ದ ಹಾಗೆಯೇ, ಬೆನ್ನು ನೆಟ್ಟಗೆ ಮಾಡಿ ಕೂತಳು.

ದುಭಾಷಿಗೆ ಲೆಕ್ಕ ಬರುತ್ತಿರಲಿಲ್ಲವೆ? ಬರುತ್ತಿತ್ತು. ಆರು ಸುತ್ತಿಗೆ ಒಂದು ವರ್ಷ, ಸಾವಿರದ ಇನ್ನೂರು ಸುತ್ತಿಗೆ ಇನ್ನೂರು ವರ್ಷ. ಅವನ ತಲೆ ಅದನ್ನು ಆಗಲೇ ಮಾಡಿ ಮುಗಿಸಿತ್ತು. ಆದರೂ ಅವನು ಹಲಗೆಯ ಮುಂದೆ, ಎಲ್ಲರೂ ನಿಲ್ಲುವ ಜಾಗದಲ್ಲಿ ನಿಂತು, ಎಲ್ಲರೂ ಕೇಳುವ ಹಾಗೆ ಕೇಳಿದ.

"ಎಷ್ಟು ಮಗಳೇ?"

ಅವಳು ಅವನನ್ನು ನೋಡಿದಳು. ಒಬ್ಬಳು ಕುಂಬಾರಗಿತ್ತಿಗಾಗಿ ಕಟ್ಟಳೆ ಮುರಿದಿದ್ದ ಹುಡುಗಿ ಅವಳು. ಇವತ್ತೂ ಮುರಿಯುತ್ತಾಳೇನೋ ಎಂದು ಊರು ಕಾದು ನಿಂತಿತು.

"ಎರಡು," ಎಂದಳು.

"ಎರಡೇನಾ?"

"ಎರಡೇ ಅಪ್ಪ. ಎರಡಕ್ಕೂ ಒಂಚೂರು ಕಮ್ಮಿ."

ಹೇಳಿ ಮುಂದಿನವರನ್ನು ಕರೆದಳು.

ದುಭಾಷಿ ಒಬ್ಬನೇ ಜಾಡಿಗೆ ಇಳಿದ. ಮೊಣಕಾಲಿನವರೆಗೆ ಸವೆದ ಜಾಡು. ತೋಳಿಗೆ ಎದೆ ಕೊಟ್ಟು ಹಿಮ್ಮುಖವಾಗಿ ತಳ್ಳಿದ. ಐದಾರು ಮಂದಿ ಸೇರಿದರೆ ಸಂಜೆಯೊಳಗೆ ಒಂದು ತೂತು ಸರಿಯುವ ಚಕ್ರ ಅದು. ಅವನ ಎದೆಯ ಚರ್ಮ ಕಿತ್ತುಬಂತು, ಚಕ್ರ ಕಿರ್ ಎಂದಿತು, ಅಷ್ಟೇ. ಸೂರ್ಯ ಮುಳುಗಿದ. ಮರುದಿನ ಮತ್ತೆ ತಳ್ಳಿದ. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಒಂದು ಯೋಚನೆ ಬಂತು. ಮೊದಲು ಅದನ್ನು ನೂಕಿದ, ಅದು ಹೋಗಲಿಲ್ಲ. ಅವಳು ಎರಡು ಎಂದಳು. ಎರಡು ಶತಮಾನ ಎಂದು ಹೇಳಲಿಲ್ಲವಲ್ಲ, ಎರಡು ಏನೆಂದೇ ಹೇಳಲಿಲ್ಲ. ಅವಳು ಮೆದು ಮನಸ್ಸಿನವಳು, ಹಲಗೆಗೆ ಬೇಕಾದ ಆ ಗುಣ ಅವಳಿಗೆ ಬಂದೇ ಇರಲಿಲ್ಲ. ಎಷ್ಟಾದರೂ ಮಗಳು.

ಎರಡನೆಯ ದಿನ ಸಂಜೆ, ಬಿಸಿಲು ಹೊಂಗೆ ಮರದ ಹಿಂದಕ್ಕೆ ಸರಿದಾಗ, ಅವನು ತೋಳು ಬಿಟ್ಟು ದಾರಿಯ ಕಡೆ ನೋಡುತ್ತ ನಿಂತ. ಯಾರ ಕೈಯಲ್ಲಾದರೂ ಬಾಳೆ ಎಲೆಯಿದೆಯೇ ಎಂದು ನೋಡಿದ. ದಾರಿಯಲ್ಲಿ ಒಂದು ದುಂಡನೆಯ ನಾಯಿ ಮಲಗಿತ್ತು. ಅದೂ ಅದೇ ಕಡೆ ನೋಡುತ್ತಿತ್ತು.

"ಯಾರನ್ನ ನೋಡ್ತೀರಿ ದುಭಾಷಿಗಳೇ?" ಎಂದ ಗೂಟದವನು. ಅವನು ಚಕ್ರದ ಪಕ್ಕ ಕೂತು, ನಿನ್ನೆ ಬೆಳಿಗ್ಗೆಯಿಂದ ಕೈಯಲ್ಲೇ ಇದ್ದ ಗೂಟವನ್ನು ಈ ಕೈಯಿಂದ ಆ ಕೈಗೆ ಹಾಕುತ್ತಿದ್ದ.

"ಎರಡಾಯ್ತಲ್ಲ," ಎಂದ ದುಭಾಷಿ.

ಗೂಟದವನು ಎದ್ದು ಬಂದು ಬಗ್ಗಿ ತೂತು ನೋಡಿದ. ಬೆರಳಿಟ್ಟು ನೋಡಿದ. ಮೊದಲ ತೂತು ಇದ್ದಲ್ಲೇ ಇತ್ತು.

"ಎಲ್ಲಾಯ್ತು?" ಎಂದ. "ಇನ್ನೂ ಒಂದು ದಿನವೂ ಆಗಿಲ್ಲ."